ಸಾಲ ಕೊಟ್ಟವರು ಬೀದಿಗೆ ಬೀಳುವ ಊರು

ಬೆಂಗಳೂರಿನಲ್ಲಿ ಮನೆಯ ಬೆಲೆ ಬೀಳುವುದಿಲ್ಲ ಎನ್ನುವುದು ಈ ಊರಿನ ಹೊಸ ಗಾದೆ. ಆರ್.ಟಿ. ನಗರದ ಬ್ರೋಕರು, ಹೆಬ್ಬಾಳದಲ್ಲಿ ಗೃಹಸಾಲ ಮಾರುವ ಏಜೆಂಟು, ಯಲಹಂಕದಲ್ಲಿ ಮೂವತ್ತು-ನಲವತ್ತರ ಸೈಟು ಇಟ್ಟುಕೊಂಡವರು, ಎಲ್ಲರ ಬಾಯಲ್ಲೂ ಇದೇ ಮಾತು. ಅನುಮಾನ ಪಟ್ಟರೆ 2008ನೇ ಇಸವಿಯನ್ನು ಸಾಕ್ಷಿಗೆ ಕರೆಯುತ್ತಾರೆ. ಆ ವರ್ಷ ಅಮೆರಿಕದಲ್ಲಿ ಗೃಹಸಾಲದ ವ್ಯವಸ್ಥೆ ಕುಸಿದು, ಸೆಪ್ಟೆಂಬರಿನಲ್ಲಿ ಲೇಮನ್ ಬ್ರದರ್ಸ್ ಬ್ಯಾಂಕು ದಿವಾಳಿಯಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಬಳ್ಳಾರಿ ರಸ್ತೆಯ ಎರಡೂ ಬದಿಯ ರಾಗಿ ಹೊಲ, ದ್ರಾಕ್ಷಿ ತೋಟಗಳು ಲೇಔಟುಗಳಾದವು. ಅಲ್ಲಿ ಬಿತ್ತು, ಇಲ್ಲಿ ಏರಿತು. ಇನ್ನೇನು ಸಾಕ್ಷಿ ಬೇಕು ನಿಮಗೆ ಎನ್ನುತ್ತಾರೆ.

ಕುಸಿತ ಎಂದರೆ ಬೆಲೆಯ ಕುಸಿತ ಮಾತ್ರ ಎಂದುಕೊಂಡರೆ ಈ ಗಾದೆ ಸುಳ್ಳಲ್ಲ. ನನ್ನ ತಕರಾರು ಅಲ್ಲಿಂದಲೇ ಶುರುವಾಗುತ್ತದೆ. ಈ ಊರಿನಲ್ಲಿ ಮನೆ ಬೀಳದೆ ಮನೆಯೊಳಗಿದ್ದವರು ಬೀಳುತ್ತಾರೆ. ಹಾಗೆ ಬೀಳುವವರಲ್ಲಿ ಮೊದಲಿಗರು ಸಾಲ ತೆಗೆದುಕೊಂಡವರಲ್ಲ, ಸಾಲ ಕೊಟ್ಟವರು. ಅವರಿಗೆ ನಮ್ಮ ಜನ ಇಟ್ಟ ಹೆಸರು ‘ಲೀಸಿನವರು’, ಹಳೆಯ ಕನ್ನಡದಲ್ಲಿ ಭೋಗ್ಯದವರು. ಗೃಹಸಾಲದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಲೇಖನಗಳಲ್ಲಿ ಬ್ಯಾಂಕು ಇರುತ್ತದೆ, ಬಿಲ್ಡರ್ ಇರುತ್ತಾನೆ, ಕಂತು ಕಟ್ಟುವ ಮಾಲೀಕ ಇರುತ್ತಾನೆ. ಇವರು ಮಾತ್ರ ಇರುವುದಿಲ್ಲ.

ಬೇರೆ ಊರಿನ ಓದುಗರಿಗಾಗಿ ಲೀಸು ಅಂದರೆ ಏನೆಂದು ಹೇಳಿಬಿಡುತ್ತೇನೆ. ಗಂಗಾನಗರ, ಮತ್ತೀಕೆರೆ, ಯಶವಂತಪುರ, ಯಲಹಂಕ ಉಪನಗರ, ಎಲ್ಲಿ ಬೇಕಾದರೂ ನಡೆದು ನೋಡಿ. ಗೇಟಿಗೆ ತಂತಿಯಲ್ಲಿ ಕಟ್ಟಿದ ರಟ್ಟಿನ ಬೋರ್ಡಿನ ಮೇಲೆ ‘ಬಾಡಿಗೆಗೆ / ಲೀಸ್‌ಗೆ’ ಎಂದು ಬರೆದು ಕೆಳಗೆ ಫೋನ್ ನಂಬರ್ ಹಾಕಿರುತ್ತಾರೆ. ಲೀಸಿಗೆ ಹಾಕಿಕೊಳ್ಳುವವರು ಮಾಲೀಕನಿಗೆ ಎಂಟೋ ಹತ್ತೋ ಹದಿನೈದೋ ಲಕ್ಷವನ್ನು ಒಂದೇ ಗಂಟಿನಲ್ಲಿ ಕೊಡಬೇಕು. ಎರಡು-ಮೂರು ವರ್ಷ ಬಾಡಿಗೆಯಿಲ್ಲದೆ ಇರಬಹುದು. ಅವಧಿ ಮುಗಿದ ಮೇಲೆ ಮನೆ ಬಿಟ್ಟುಕೊಟ್ಟು ಅಷ್ಟೇ ಹಣವನ್ನು ವಾಪಸು ತೆಗೆದುಕೊಂಡು ಹೋಗಬೇಕು. ಮಾಲೀಕ ಹಣಕ್ಕೆ ಬಡ್ಡಿ ಕೊಡುವುದಿಲ್ಲ, ಇವರು ಮನೆಗೆ ಬಾಡಿಗೆ ಕೊಡುವುದಿಲ್ಲ.

ಇದು ಬಾಡಿಗೆಯ ವ್ಯವಹಾರವಲ್ಲ, ಸಾಲದ ವ್ಯವಹಾರ. ಮಾಲೀಕ ಸಾಲಗಾರ, ಒಳಗಿರುವವರು ಸಾಲ ಕೊಟ್ಟವರು, ಮನೆಯೇ ಒತ್ತೆ. ಬ್ಯಾಂಕು ಗೃಹಸಾಲದಲ್ಲಿ ಏನು ಮಾಡುತ್ತದೋ ಲೀಸಿನವರು ಮಾಡುವುದೂ ಅದನ್ನೇ. ಬ್ಯಾಂಕು ಮನೆಯ ಕಾಗದವನ್ನು ಇಟ್ಟುಕೊಳ್ಳುತ್ತದೆ, ಇವರು ಮನೆಯನ್ನೇ ಇಟ್ಟುಕೊಳ್ಳುತ್ತಾರೆ. ವ್ಯತ್ಯಾಸ ಇಷ್ಟೇ.

*

ನನ್ನ ಸಂಶೋಧನೆಯ ವಿಷಯ ಕನ್ನಡದ ಹಳೆಯ ದಾಖಲೆಗಳಲ್ಲಿ ಸಾಲದ ಪರಿಭಾಷೆ. ಒತ್ತೆ, ಅಡವು, ಆಧಾರ, ಭೋಗ್ಯ ಎಂಬ ಪದಗಳ ಜೊತೆಗೇ ದಿನ ಕಳೆಯುವುದರಿಂದ ಒಂದು ಹಳೆಯ ಸಂಗತಿಯನ್ನು ಇಲ್ಲಿ ತರುತ್ತೇನೆ. ಸುಮಾರು ಒಂಬತ್ತು ಶತಮಾನಗಳ ಹಿಂದೆ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ. ಸಾಲದ ಪ್ರಕರಣದಲ್ಲಿ ಅಡವು ಎರಡು ಬಗೆಯದು: ಕಾಪಾಡಿ ಇಟ್ಟುಕೊಳ್ಳುವುದು ಗೋಪ್ಯ, ಬಳಸಿ ಅನುಭವಿಸುವುದು ಭೋಗ್ಯ. ಅಡವು ಊರ್ಜಿತವಾಗಬೇಕಾದರೆ ಬರಿಯ ಬರವಣಿಗೆ ಸಾಲದು, ವಸ್ತು ಕೈಗೆ ಬಂದು ಅನುಭವ ನಡೆದಿರಬೇಕು. ಒಂದೇ ಆಸ್ತಿಯ ಮೇಲೆ ಇಬ್ಬರು ಹಕ್ಕು ಹೇಳಿದರೆ ಮೊದಲಿನ ವ್ಯವಹಾರಕ್ಕೇ ಬಲ. ಬಡ್ಡಿಯ ದರವನ್ನೂ ವರ್ಣ ನೋಡಿ ಗೊತ್ತು ಮಾಡಿದ ಗ್ರಂಥಪರಂಪರೆ ಅದು. ಅದನ್ನು ತಲೆಯ ಮೇಲೆ ಹೊತ್ತು ತಿರುಗುವ ಆಸೆ ನನಗಿಲ್ಲ. ಆದರೆ ಒಂದು ಮಾತಂತೂ ಅಲ್ಲಿ ಸ್ಪಷ್ಟವಿದೆ. ಮನೆಯಲ್ಲಿ ನಿಜವಾಗಿ ಇರುವವರನ್ನು ಆ ಕಾನೂನು ನೋಡುತ್ತಿತ್ತು. ಇವತ್ತಿನ ಕಾನೂನು ಕಾಗದವನ್ನು ಮಾತ್ರ ನೋಡುತ್ತದೆ.

ಇವತ್ತಿನ ಕಾನೂನೆಂದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 58ನೇ ಕಲಮಿನಲ್ಲಿ ಅಡಮಾನದ ಆರು ಬಗೆಗಳಿವೆ. ಭೋಗ್ಯ ಅವುಗಳಲ್ಲಿ ಒಂದು. ಹಕ್ಕುಪತ್ರಗಳನ್ನು ಒಪ್ಪಿಸಿ ಸಾಲ ಪಡೆಯುವುದು, ಅಂದರೆ ಬ್ಯಾಂಕುಗಳು ಸಾಮಾನ್ಯವಾಗಿ ಮಾಡುವುದು, ಇನ್ನೊಂದು. ಅದರ ಮುಂದಿನ 59ನೇ ಕಲಮು ಓದಿ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲದ ಅಡಮಾನಕ್ಕೆ ನೋಂದಣಿಯಾದ ಪತ್ರವೇ ಬೇಕು, ಇಬ್ಬರು ಸಾಕ್ಷಿಗಳು ಬೇಕು. ಒಂದು ಬಗೆಯನ್ನು ಬಿಟ್ಟು. ಆ ಒಂದು ಬಗೆ ಹಕ್ಕುಪತ್ರ ಒಪ್ಪಿಸುವ ಅಡಮಾನ. ಬ್ಯಾಂಕುಗಳು ಈಗೀಗ ಅದರ ಜ್ಞಾಪನಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುವುದುಂಟು. ಆದರೆ ಅವರ ಅಡಮಾನ ಹುಟ್ಟುವುದಕ್ಕೆ ಅದು ಬೇಕಾಗಿಲ್ಲ, ಕಾಗದ ಕೈ ಬದಲಾಯಿಸಿದರೆ ಸಾಕು. ಹತ್ತು ಲಕ್ಷ ಕೊಟ್ಟು, ಗ್ಯಾಸ್ ಸಿಲಿಂಡರ್ ಸಮೇತ ಒಳಗೆ ಬಂದು, ಹಾಲುಕ್ಕಿಸಿ ಸಂಸಾರ ಹೂಡಿದವರ ಅಡಮಾನ ಮಾತ್ರ ನೋಂದಣಿಯಿಲ್ಲದಿದ್ದರೆ ಅಡಮಾನವೇ ಅಲ್ಲ.

ಹಾಗಾದರೆ ನೋಂದಣಿ ಮಾಡಿಸಬಾರದೇ ಎಂದು ನೀವು ಕೇಳಬಹುದು. ಎಲ್ಲರೂ ಕೇಳುವ ಪ್ರಶ್ನೆ ಇದು, ಅದೂ ಕೇಳುವಾಗ ತುಸು ತಿರಸ್ಕಾರ ಬೆರೆಸಿ. ಕರ್ನಾಟಕದ ಮುದ್ರಾಂಕ ಕಾಯ್ದೆ ಸ್ವಾಧೀನಸಹಿತ ಅಡಮಾನಕ್ಕೆ, ಸಾಲದ ಮೊತ್ತದ ಮೇಲೆ, ಕ್ರಯಪತ್ರದ ದರದಲ್ಲೇ ಸುಂಕ ಕೇಳುತ್ತದೆ. ಸ್ವಾಧೀನವಿಲ್ಲದ ಅಡಮಾನಕ್ಕೆ ಅದರ ಒಂದು ಸಣ್ಣ ಪಾಲು ಸಾಕು. ಮೂರು ವರ್ಷ ಇದ್ದು ಹೋಗುವವರು ಮನೆ ಕೊಂಡವರಂತೆ ಸುಂಕ ಕಟ್ಟಬೇಕು. ಇಪ್ಪತ್ತು ವರ್ಷ ಮನೆಯ ಮೇಲೆ ಹಕ್ಕಿಟ್ಟುಕೊಳ್ಳುವ ಬ್ಯಾಂಕಿನ ಸಾಲಕ್ಕೆ ರಿಯಾಯಿತಿ. ಹೀಗಿರುವಾಗ ಜನ ಏನು ಮಾಡುತ್ತಾರೆ? ಇ-ಸ್ಟಾಂಪಿನ ಮೇಲೆ ಹನ್ನೊಂದು ತಿಂಗಳ ಕರಾರು ಟೈಪು ಮಾಡಿಸಿ, ನೋಟರಿಯ ಮೊಹರು ಹಾಕಿಸಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬೀರುವಿನಲ್ಲಿ ಇಡುತ್ತಾರೆ. ಜನ ನೋಂದಣಿಯಿಂದ ಓಡಿಹೋಗುತ್ತಾರೆ ಎಂದು ದೂರುವವರು, ಅವರನ್ನು ಓಡಿಸಿದ ಸುಂಕದ ಬಗ್ಗೆಯೂ ಒಂದು ಮಾತು ಆಡಬೇಕು.

*

ಹಳ್ಳಿಯ ಭೋಗ್ಯಕ್ಕೂ ನಗರದ ಭೋಗ್ಯಕ್ಕೂ ಒಂದು ಮುಖ್ಯ ಅಂತರವಿದೆ. ಹಳ್ಳಿಯಲ್ಲಿ ಹೊಲವನ್ನು ಭೋಗ್ಯಕ್ಕೆ ಹಾಕುವವನು ಬಡವ. ಮಗಳ ಮದುವೆಗೋ ಆಸ್ಪತ್ರೆಗೋ ಹಣ ಬೇಕಾದವನು. ಹಣ ಕೊಟ್ಟು ಉಳುಮೆ ಮಾಡಿಸಿಕೊಳ್ಳುವವನು ಸಾಹುಕಾರ. ಆ ಭೋಗ್ಯ ಎಷ್ಟೋ ಹೊಲಗಳನ್ನು ನುಂಗಿದೆ. ನಗರದಲ್ಲಿ ಇದು ತಿರುಗುಮುರುಗಾಗಿದೆ. ಇಲ್ಲಿ ಸಾಲ ಪಡೆಯುವವನು ಮೂರು ಅಂತಸ್ತಿನ ಕಟ್ಟಡದ ಒಡೆಯ. ಸಾಲ ಕೊಡುವವರು ಕ್ಯಾಬ್ ಓಡಿಸುವವರು, ಗಾರ್ಮೆಂಟಿಗೆ ಹೋಗುವವರು, ಪೀಣ್ಯದ ಶೆಡ್ಡುಗಳಲ್ಲಿ ಲೇತು ತಿರುಗಿಸುವವರು. ಅವರ ಗಂಟು ಊರಿನ ಜಮೀನು ಮಾರಿದ್ದು, ಒಡವೆ ಅಡವಿಟ್ಟದ್ದು, ಚೀಟಿ ಎತ್ತಿದ್ದು. ಸಾಲ ಕೊಟ್ಟವನೆಂದರೆ ಬಲಶಾಲಿ, ಪಡೆದವನು ದುರ್ಬಲ ಎಂದುಕೊಂಡು ಬರೆದ ಕಾನೂನುಗಳೆಲ್ಲ ಇಲ್ಲಿ ತಲೆಕೆಳಗಾಗುತ್ತವೆ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಸಾಲ ಕಂಪನಿಗಳ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ಒಳ್ಳೆಯದೇ. ಅದು ಸಾಲ ಪಡೆದ ಬಡವರಿಗಾಗಿ. ಸಾಲ ಕೊಟ್ಟ ಬಡವರು ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ನನ್ನ ಅಕ್ಕನ ಮನೆಯ ಸಂಗತಿ ಹೇಳುತ್ತೇನೆ. ಅಕ್ಕ-ಭಾವ ಗೌರಿಬಿದನೂರು ಕಡೆಯ ಮುಕ್ಕಾಲು ಎಕರೆ ಮಾರಿ, ಅದಕ್ಕೆ ಒಡವೆಯ ಸಾಲ ಸೇರಿಸಿ, ಯಲಹಂಕದ ಹತ್ತಿರ ಒಂದು ಮನೆಯ ಎರಡನೇ ಮಹಡಿಯನ್ನು ಒಂಬತ್ತು ಲಕ್ಷಕ್ಕೆ ಲೀಸಿಗೆ ಹಾಕಿಕೊಂಡಿದ್ದರು. ಭಾವ ವಿಮಾನ ನಿಲ್ದಾಣಕ್ಕೆ ಕ್ಯಾಬ್ ಓಡಿಸುತ್ತಾರೆ. ಮಾಲೀಕರು ಕಾರ್ಖಾನೆಯೊಂದರಿಂದ ನಿವೃತ್ತರಾದ ಸಜ್ಜನರು. ಹಬ್ಬಕ್ಕೆ ಹೋಳಿಗೆ ಕೊಟ್ಟು ಕಳಿಸುವಷ್ಟು ಸಲಿಗೆ ಇತ್ತು. ಎರಡನೇ ವರ್ಷ ಒಂದು ಮಧ್ಯಾಹ್ನ ಇಬ್ಬರು ಬಂದು ಬಾಗಿಲಿಗೆ ಕಾಗದ ಅಂಟಿಸಿ, ಅಕ್ಕನನ್ನೂ ಸೇರಿಸಿ ಫೋಟೊ ತೆಗೆದುಕೊಂಡು ಹೋದರು. ಮನೆಯ ಮೇಲೆ ಬ್ಯಾಂಕಿನ ಸಾಲವಿತ್ತು. ಕಂತು ನಿಂತು ಬಹಳ ದಿನವಾಗಿತ್ತು. ಅಕ್ಕ ಅವತ್ತು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ನಾನು ಓದಿದ ಯಾವ ಪುಸ್ತಕದಲ್ಲೂ ಉತ್ತರವಿರಲಿಲ್ಲ. “ನಾವು ಸಾಲ ತಗೊಂಡಿಲ್ಲ ಕಣೇ, ಕೊಟ್ಟಿದ್ದೀವಿ. ನೋಟೀಸು ನಮ್ಮ ಬಾಗಿಲಿಗೆ ಯಾಕೆ?”

ಅವರು ಈಗ ವಿದ್ಯಾರಣ್ಯಪುರದ ಒಂದು ಕೋಣೆಯ ಮನೆಗೆ ತಿಂಗಳ ಬಾಡಿಗೆ ಕಟ್ಟುತ್ತಿದ್ದಾರೆ. ಒಂಬತ್ತು ಲಕ್ಷ ಬಂದಿಲ್ಲ. ಒಡವೆ ಬಿಡಿಸಿಕೊಂಡಿಲ್ಲ. ಆ ಮಾಲೀಕರ ಮೇಲೆ ನನಗೆ ಸಿಟ್ಟಿದೆ, ಆದರೆ ಅವರೊಬ್ಬರ ದುಷ್ಟತನದಿಂದ ಇದಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಸಜ್ಜನರೊಬ್ಬರು ಹೀಗೆ ಮಾಡಬೇಕಾಗಿ ಬರುವಂತೆ ಲೆಕ್ಕವೇ ಕಟ್ಟಿಕೊಂಡಿದೆ. ಅದನ್ನು ಬಿಡಿಸಿ ನೋಡೋಣ.

*

ಯಾರದೋ ಹೆಸರು ಬೇಡ, ಒಂದು ಮಾದರಿ ಲೆಕ್ಕ ಹಾಕೋಣ. 40 ಲಕ್ಷ ಸಾಲ, 20 ವರ್ಷ, ಬಡ್ಡಿ ಶೇ 6.75. ತಿಂಗಳ ಕಂತು ಸುಮಾರು 30,400 ರೂಪಾಯಿ. ಈ ಬಡ್ಡಿ ನಿಂತ ನೀರಲ್ಲ. 2019ರ ಅಕ್ಟೋಬರಿನಿಂದ ಬ್ಯಾಂಕುಗಳ ಹೊಸ ಗೃಹಸಾಲದ ಬದಲಾಗುವ ಬಡ್ಡಿಯನ್ನು ರೆಪೋ ದರದಂಥ ಹೊರಗಿನ ಅಳತೆಗೋಲಿಗೆ ಕಟ್ಟಲಾಗಿದೆ. ರಿಸರ್ವ್ ಬ್ಯಾಂಕು 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೋ ದರವನ್ನು ಶೇ 4ರಿಂದ 6.5ಕ್ಕೆ ಏರಿಸಿತು. ನಮ್ಮ ಮಾದರಿ ಸಾಲದ ಬಡ್ಡಿಯೂ ಅಷ್ಟೇ ಏರಿ 9.25 ಆಯಿತೆನ್ನಿ. ಆಗ 40 ಲಕ್ಷಕ್ಕೆ ಒಂದು ತಿಂಗಳ ಬಡ್ಡಿಯೇ 30,833. ಹಳೆಯ ಕಂತು ಬಡ್ಡಿಗೂ ಸಾಲದು. ಅಸಲು ಒಂದು ಪೈಸೆಯೂ ಕರಗುವುದಿಲ್ಲ. ಕಂತನ್ನು 36,600ಕ್ಕೆ ಏರಿಸಬೇಕು, ಇಲ್ಲವೇ ಅವಧಿಯನ್ನು ಎಳೆಯಬೇಕು. ಅನೇಕ ಸಾಲಗಾರರಿಗೆ ಅವಧಿ ಬೆಳೆದದ್ದೇ ಗೊತ್ತಾಗದೆ, ಕೊನೆಗೆ 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಸುತ್ತೋಲೆ ಹೊರಡಿಸಿ, ಬಡ್ಡಿ ಬದಲಾದಾಗ ಸಾಲಗಾರರಿಗೆ ತಿಳಿಸಿ ಆಯ್ಕೆ ಕೊಡಿ ಎಂದು ಹೇಳಬೇಕಾಯಿತು.

ಈಗ ಮಾಲೀಕರ ಜಾಗದಲ್ಲಿ ನಿಂತು ನೋಡಿ. ಮನೆ ಕಟ್ಟಿ ನೋಡು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಸಾಲ ತಾರಸಿಯ ಹೊತ್ತಿಗೆ ಮುಗಿದಿರುತ್ತದೆ. ಟೈಲ್ಸು, ಬಾಗಿಲು, ಬೋರ್‌ವೆಲ್ ಬಾಕಿ ಇರುತ್ತವೆ. ಬಿ ಖಾತೆಯ ಸೈಟಾದರೆ ಬ್ಯಾಂಕುಗಳು ಹಿಂಜರಿಯುತ್ತವೆ, ಹೆಚ್ಚು ಬಡ್ಡಿಯ ಫೈನಾನ್ಸ್ ಕಂಪನಿಯೇ ಗತಿ. ಆಗ ಒಂದೊಂದು ಮಹಡಿಯನ್ನು ಲೀಸಿಗೆ ಕೊಟ್ಟು ಗಂಟು ಹಣ ಎತ್ತುತ್ತಾರೆ. ತೊಂದರೆ ಇಲ್ಲೇ ಇದೆ. ಬಾಡಿಗೆಗೆ ಕೊಟ್ಟಿದ್ದರೆ ತಿಂಗಳು ತಿಂಗಳು ಹಣ ಬಂದು ಕಂತಿಗೆ ಆಗುತ್ತಿತ್ತು. ಲೀಸಿಗೆ ಕೊಟ್ಟ ಮಹಡಿ ತಿಂಗಳಿಗೆ ಒಂದು ರೂಪಾಯಿಯನ್ನೂ ಹುಟ್ಟಿಸುವುದಿಲ್ಲ. ಕಂತು ಮಾತ್ರ ಪ್ರತಿ ತಿಂಗಳ ಐದನೇ ತಾರೀಕಿಗೆ ಬಾಗಿಲು ಬಡಿಯುತ್ತದೆ. ಮೊದಲು ಬಂದವರ ಗಂಟು ಗೋಡೆಯಲ್ಲಿ ಕರಗಿಹೋಗಿರುತ್ತದೆ. ಅವರನ್ನು ಕಳಿಸಬೇಕಾದರೆ ಮುಂದೆ ಬರುವವರ ಗಂಟು ಬೇಕು. ಮುಂದಿನವರು ಹೆಚ್ಚು ಕೊಟ್ಟರೆ ಸರಿ. ಬರುವುದು ಎರಡು ತಿಂಗಳು ತಡವಾದರೆ ಸರಪಳಿ ಕಡಿಯುತ್ತದೆ.

ಇನ್ನೊಂದು ಲೆಕ್ಕ. ತಿಂಗಳಿಗೆ 15,000 ಬಾಡಿಗೆ ಬರುವ ಮನೆಯನ್ನು 10 ಲಕ್ಷಕ್ಕೆ ಲೀಸಿಗೆ ಕೊಟ್ಟರೆ ಮಾಲೀಕ ವರ್ಷಕ್ಕೆ 1,80,000 ರೂಪಾಯಿ ಬಾಡಿಗೆ ಬಿಟ್ಟುಕೊಟ್ಟಂತೆ. ಅಂದರೆ ಆ 10 ಲಕ್ಷಕ್ಕೆ ಶೇ 18 ಬಡ್ಡಿ ಕಟ್ಟುತ್ತಿದ್ದಾನೆ. ಬ್ಯಾಂಕಿನಲ್ಲಿ ಒಂಬತ್ತಕ್ಕೆ ಸಿಗುವ ಹಣವನ್ನು ಹದಿನೆಂಟಕ್ಕೆ ಯಾರು ತೆಗೆದುಕೊಳ್ಳುತ್ತಾರೆ? ಬ್ಯಾಂಕಿನಲ್ಲಿ ಇನ್ನು ಸಿಗದವರು. ಎಲ್ಲ ಲೀಸೂ ಹೀಗೆ ಎನ್ನುತ್ತಿಲ್ಲ. ಬ್ಯಾಂಕಿನ ಗೊಡವೆಯೇ ಬೇಡವೆಂದು ಲೀಸಿಗೆ ಕೊಡುವ ಹಳೆಯ ಮನೆಯವರೂ ಇದ್ದಾರೆ. ಆದರೆ ಅಗ್ಗದ ಲೀಸು ಎಂದರೆ ಎಷ್ಟೋ ಸಲ ಮಾಲೀಕನ ಕುತ್ತಿಗೆಗೆ ಬಂದಿದೆ ಎಂದೇ ಅರ್ಥ. ಒಳಗೆ ಬರುವವರಿಗೆ ಕಾಣುವುದು ಬಾಡಿಗೆಯ ಉಳಿತಾಯ. ಅವರು ನಿಜವಾಗಿ ಮಾಡುತ್ತಿರುವುದು ಇನ್ನೆಲ್ಲೂ ಸಾಲ ಹುಟ್ಟದವನಿಗೆ ತಮ್ಮ ಜೀವಮಾನದ ಗಂಟನ್ನು ಕೊಡುವುದು. ಅದೇ ಹಣ ಬ್ಯಾಂಕಿನಲ್ಲಿದ್ದು ಬ್ಯಾಂಕು ಮುಳುಗಿದ್ದರೆ 5 ಲಕ್ಷದವರೆಗೆ ಠೇವಣಿ ವಿಮೆಯಾದರೂ ಬರುತ್ತಿತ್ತು.

*

ಸರಪಳಿ ಕಡಿದ ಮೇಲಿನ ಕಥೆಯನ್ನು 2002ರ ಸರ್ಫೇಸಿ ಕಾಯ್ದೆ ಬರೆಯುತ್ತದೆ. 90 ದಿನ ಕಂತು ಬಾಕಿಯಾದರೆ ಸಾಲ ವಸೂಲಾಗದ ಖಾತೆಗೆ ಸೇರುತ್ತದೆ. 13ನೇ ಕಲಮಿನ ನೋಟೀಸು, ಅದಕ್ಕೆ 60 ದಿನ. ಆಮೇಲೆ ಬ್ಯಾಂಕು ಕೋರ್ಟಿಗೆ ಹೋಗದೆ ತಾನೇ ಸ್ವಾಧೀನಕ್ಕೆ ಇಳಿಯಬಹುದು. ಬೇಕಾದರೆ ಮ್ಯಾಜಿಸ್ಟ್ರೇಟರ, ಪೊಲೀಸರ ನೆರವು ಪಡೆಯಬಹುದು. ಮೊದಲ ನೋಟೀಸು ಹೋಗುವುದು ಸಾಲಗಾರನಿಗೆ. ಒಳಗಿರುವವರಿಗೆ ಗೊತ್ತಾಗುವುದು ಸ್ವಾಧೀನದ ನೋಟೀಸು ಬಾಗಿಲಿಗೆ ಬಂದ ದಿನ. ನಿಯಮದ ಪ್ರಕಾರ ಅದನ್ನು ಎರಡು ಪತ್ರಿಕೆಗಳಲ್ಲಿ, ಒಂದು ಪ್ರಾದೇಶಿಕ ಭಾಷೆಯದರಲ್ಲಿ, ಪ್ರಕಟಿಸಬೇಕು. ಪ್ರಕಟಿಸುತ್ತಾರೆ. ಕನ್ನಡ ಓದುವವರಾದ ನಾವು ಆ ಕನ್ನಡವನ್ನು ಒಮ್ಮೆ ಓದಬೇಕು. ಆರು ಸಾಲಿಗೆ ಒಂದು ಕ್ರಿಯಾಪದ, ಇರುವೆ ಗಾತ್ರದ ಅಕ್ಷರ. ಎಂ.ಎ. ಮಾಡಿದ ನನಗೇ ಎರಡು ಸಲ ಓದಬೇಕಾಯಿತು. ಕಾನೂನು ಪೂರೈಸಲು ಹಾಕಿದ ಕನ್ನಡ ಅದು, ಯಾರಿಗಾದರೂ ತಿಳಿಯಲೆಂದು ಹಾಕಿದ್ದಲ್ಲ.

ಭೋಗ್ಯದವರಿಗೆ ಹೇಳಿಕೊಳ್ಳಲು ಜಾಗವೇ ಇಲ್ಲವೆಂದಲ್ಲ. 2016ರ ತಿದ್ದುಪಡಿಯ ಮೇಲೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಿ ಬಾಡಿಗೆ ಹಕ್ಕು ಹೇಳಬಹುದು. ಆದರೆ ಅಲ್ಲಿ ಕಾದಿರುವುದು ಅದೇ 1882ರ ಕಾಯ್ದೆಯ 65ಎ ಕಲಮು. ಅಡವಿಟ್ಟ ಮನೆಯನ್ನು ಮಾಲೀಕ ಬಾಡಿಗೆಗೆ ಕೊಡಬಹುದು, ಆದರೆ ಸರಿಯಾದ ಬಾಡಿಗೆ ಬರಬೇಕು, ಗಂಟು ಹಣ ಪಡೆಯಬಾರದು, ಬಾಡಿಗೆಯನ್ನು ಮುಂಗಡ ಪಡೆಯಬಾರದು. ಲೀಸೆಂದರೆ ಗಂಟು ಹಣವೇ. ಅಂದರೆ ಬೆಂಗಳೂರಿನಲ್ಲಿ ಹಗಲು ಹೊತ್ತು ಬೋರ್ಡು ಹಾಕಿ ನಡೆಯುವ ವ್ಯವಹಾರ, ಅಡವಿನ ಮನೆಯಾದರೆ, ಹುಟ್ಟುವಾಗಲೇ ಕಾನೂನಿನ ಆಶ್ರಯ ಕಳೆದುಕೊಂಡಿರುತ್ತದೆ. ನೋಂದಣಿಯಿಲ್ಲದ ಕರಾರು ಹಿಡಿದು ವರ್ಷಕ್ಕಿಂತ ಹೆಚ್ಚಿನ ಹಕ್ಕು ಕೇಳಲಾಗದು ಎಂದು ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ. ರಾಜ್ಯದ 1999ರ ಬಾಡಿಗೆ ಕಾಯ್ದೆಯೋ, ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟು ಕೂತಿದೆ. ಮಾಲೀಕನ ಮೇಲೆ ವಂಚನೆಯ ದೂರು ಕೊಡಬಹುದು. ಕೊಟ್ಟವರು ಠಾಣೆಯಲ್ಲಿ ಕೇಳುವುದು ‘ಇದು ಸಿವಿಲ್ ಮ್ಯಾಟರ್’ ಎಂಬ ಮಾತನ್ನು.

ಬ್ಯಾಂಕಿನ ಪರವಾಗಿ ಆಡಬಹುದಾದ ಮಾತು ನನಗೆ ಗೊತ್ತಿದೆ. ಒಳಗಿರುವವರು ಯಾರೆಂದು ನೋಡುತ್ತ ಹೋದರೆ ಅಡಮಾನಕ್ಕೆ ಬೆಲೆಯೇನು? ನಾಳೆ ಸಾಲಗಾರ ತನ್ನ ಷಡ್ಡಕನನ್ನೇ ಲೀಸಿನವನೆಂದು ತಂದು ಕೂರಿಸುತ್ತಾನೆ. ಬ್ಯಾಂಕಿನ ಹಣವೂ ಠೇವಣಿ ಇಟ್ಟ ಸಾಮಾನ್ಯರದ್ದೇ ಅಲ್ಲವೇ? ಈ ಭಯ ಸುಳ್ಳಲ್ಲ. ಅಂಥ ನಾಟಕಗಳು ನಡೆದಿವೆ. ಆದರೆ ನಾಟಕ ತಡೆಯುವ ದಾರಿ ನೋಂದಣಿಯನ್ನು ಸುಲಭ ಮಾಡುವುದು. ದಿನಾಂಕದೊಂದಿಗೆ, ಹಣ ಬ್ಯಾಂಕ್ ಖಾತೆಯ ಮೂಲಕ ಹೋದದ್ದಕ್ಕೆ ಸಾಕ್ಷಿಯೊಂದಿಗೆ ನೋಂದಣಿಯಾದ ಭೋಗ್ಯಕ್ಕೆ ಷಡ್ಡಕನ ವೇಷ ಹಾಕಲು ಬರುವುದಿಲ್ಲ. ಕಟ್ಟಿದ ಮನೆಯ ಮೇಲೆ ಸಾಲ ಕೊಡುವ ಮುಂಚೆ ಬ್ಯಾಂಕಿನ ವ್ಯಾಲ್ಯುಯೇಟರು ಬಂದು ಕೋಣೆ ಕೋಣೆಯ ಫೋಟೊ ತೆಗೆಯುತ್ತಾನೆ. ಗೋಡೆಯ ಮೇಲೆ ಬೇರೆಯವರ ಮದುವೆಯ ಫೋಟೊ ಅವನ ಕಣ್ಣಿಗೆ ಬೀಳುವುದಿಲ್ಲವೇ? ಕಂಡದ್ದನ್ನು ಬರೆದುಕೊಳ್ಳುವ ಹೊಣೆ ಬ್ಯಾಂಕಿನದು.

*

ಹೊರಗಿನವರು ಇದನ್ನು ಹೇಗೆ ನಿಭಾಯಿಸಿದ್ದಾರೆ ನೋಡಿ. ನಮ್ಮವರು ಉದಾಹರಣೆ ಕೊಡುವ ಅದೇ ಅಮೆರಿಕದ ಕುಸಿತದಲ್ಲಿ, ಕಂತು ಕಟ್ಟದ ಮಾಲೀಕರ ಮನೆಗಳಲ್ಲಿದ್ದ ಬಾಡಿಗೆದಾರರೂ ಬೀದಿಗೆ ಬಿದ್ದರು. 2009ರ ಮೇ ತಿಂಗಳಲ್ಲಿ ಅಲ್ಲಿನ ಸಂಸತ್ತು ಒಂದು ಕಾನೂನು ಮಾಡಿತು: ಮನೆ ಬ್ಯಾಂಕಿನ ಪಾಲಾದರೂ ಪ್ರಾಮಾಣಿಕ ಬಾಡಿಗೆದಾರರಿಗೆ ಕನಿಷ್ಠ 90 ದಿನದ ನೋಟೀಸು ಕೊಡಬೇಕು; ಕೊಂಡವರು ತಾವೇ ವಾಸಕ್ಕೆ ಬರುವುದಿಲ್ಲವಾದರೆ ಕರಾರಿನ ಅವಧಿ ಮುಗಿಯುವವರೆಗೆ ಇರಲು ಬಿಡಬೇಕು. 2018ರಲ್ಲಿ ಅದನ್ನು ಕಾಯಂ ಮಾಡಿದರು.

ಇನ್ನೂ ಹತ್ತಿರದ ಉದಾಹರಣೆ ದಕ್ಷಿಣ ಕೊರಿಯಾ. ಅಲ್ಲಿ ‘ಜೊನ್ಸೆ’ ಎಂಬ ಪದ್ಧತಿಯಿದೆ; ನಮ್ಮ ಲೀಸಿನ ಅವಳಿ ಎನ್ನಬಹುದು. ದೊಡ್ಡ ಗಂಟು ಕೊಟ್ಟು ಎರಡು ವರ್ಷ ಬಾಡಿಗೆಯಿಲ್ಲದೆ ಇದ್ದು ಗಂಟು ವಾಪಸು ಪಡೆಯುವುದು. 1981ರಲ್ಲೇ ಅಲ್ಲಿ ಬಾಡಿಗೆದಾರರ ರಕ್ಷಣೆಗೆ ಕಾನೂನು ಬಂತು. ವಾಸಕ್ಕೆ ಬಂದದ್ದನ್ನು ಸ್ಥಳೀಯ ಕಚೇರಿಯಲ್ಲಿ ದಾಖಲಿಸಿ, ಕರಾರಿನ ಮೇಲೆ ತಾರೀಕಿನ ಮುದ್ರೆ ಹಾಕಿಸಿಕೊಂಡರೆ, ಹರಾಜಿನಲ್ಲಿ ಆ ತಾರೀಕಿನ ಆಮೇಲೆ ಬಂದ ಸಾಲಗಾರರಿಗಿಂತ ಇವರಿಗೆ ಮೊದಲ ಪಾಲು. ಮುದ್ರೆಯ ಶುಲ್ಕ ತೀರಾ ಅಲ್ಪ. ಆದರೂ ಬಡ್ಡಿ ಏರಿ ಮನೆಬೆಲೆ ಇಳಿದಾಗ ಅಲ್ಲೂ ಸಾವಿರಾರು ಜನ ಗಂಟು ಕಳೆದುಕೊಂಡರು. ಆಗ 2023ರ ಜೂನ್‌ನಲ್ಲಿ ಅವರಿಗಾಗಿ ವಿಶೇಷ ಕಾನೂನು ಜಾರಿಗೆ ಬಂತು. ಅಲ್ಲಿಯೂ ಎಲ್ಲ ಸರಿಯಾಗಿದೆ ಎಂದಲ್ಲ. ಅಲ್ಲಿ ಈ ಜನಕ್ಕೆ ಒಂದು ಹೆಸರಿದೆ, ಅವರ ಬಗ್ಗೆ ಸಂಸತ್ತಿನಲ್ಲಿ ಜಗಳವಾಗುತ್ತದೆ.

ನಮ್ಮಲ್ಲಿ ಆಗಬೇಕಾದ್ದು ಕಷ್ಟದ್ದೇನಲ್ಲ. ವಾಸದ ಮನೆಯ ಭೋಗ್ಯಕ್ಕೆ ಕ್ರಯದ ಸುಂಕ ತೆಗೆದು ಒಂದು ನಿಗದಿತ ಸಣ್ಣ ಶುಲ್ಕದಲ್ಲಿ ನೋಂದಣಿ ಮಾಡಬೇಕು. ಇದು ರಾಜ್ಯ ಸರ್ಕಾರದ ಕೈಯಲ್ಲೇ ಇದೆ. ಬ್ಯಾಂಕಿನ ಅಡಮಾನಗಳನ್ನು ದಾಖಲಿಸುವ ಸೆರ್ಸಾಯಿ ಎಂಬ ಕೇಂದ್ರ ನೋಂದಣಿ 2011ರಿಂದಲೂ ಇದೆ, ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಆ ಮಾಹಿತಿ ಇ-ಖಾತೆಯ ಮೇಲೆಯೇ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ‘ಈ ಮನೆಯ ಮೇಲೆ ಇಂಥ ಬ್ಯಾಂಕಿನ ಸಾಲವಿದೆ’ ಎಂದು ಕಾಣಬೇಕು. ಬ್ಯಾಂಕಿಗಿಂತ ಮೊದಲು ಬಂದ ಭೋಗ್ಯದವರಿಗೆ ಹರಾಜಿನ ಹಣದಲ್ಲಿ ಮೊದಲ ಪಾಲು ಸಿಗಬೇಕು. ಆಮೇಲೆ ಬಂದವರಿಗೆ 90 ದಿನದ ನೋಟೀಸು ಬೇಕು. ಬ್ಯಾಂಕಿನ ಬಾಕಿ ತೀರಿ ಮಿಕ್ಕ ಹಣ ಮಾಲೀಕನ ಕೈ ಸೇರುವ ಮೊದಲು ಅವರಿಗೆ ಸಲ್ಲಬೇಕು. ಇದರಲ್ಲಿ ಬ್ಯಾಂಕಿನ ನ್ಯಾಯವಾದ ಹಕ್ಕಿಗೆ ಕೈ ಹಚ್ಚುವ ಮಾತು ಎಲ್ಲಿದೆ?

‘ಲೀಸಿಗೆ ಹೋದದ್ದೇ ದುರಾಸೆ’ ಎನ್ನುವವರಿಗೆ ಕೊನೆಯ ಮಾತು. ಯಲಹಂಕ ಉಪನಗರದ ವಿಳಾಸಗಳಲ್ಲಿ ಇಂದಿಗೂ ಎಲ್.ಐ.ಜಿ., ಎಂ.ಐ.ಜಿ. ಎಂಬ ಅಕ್ಷರಗಳು ಉಳಿದಿವೆ. ಕರ್ನಾಟಕ ಗೃಹಮಂಡಳಿ ಕಡಿಮೆ ಆದಾಯದವರಿಗೆ, ಮಧ್ಯಮ ಆದಾಯದವರಿಗೆ ಎಂದು ಲೆಕ್ಕ ಹಾಕಿ ಮನೆ ಕಟ್ಟಿಕೊಟ್ಟ ಕಾಲದ ಗುರುತು ಅದು. ಆ ಕೆಲಸ ಸಾಕಷ್ಟು ಮುಂದುವರಿದಿದ್ದರೆ ಇವತ್ತು ಕ್ಯಾಬ್ ಓಡಿಸುವವರಿಗೆ ಆ ಅಕ್ಷರಗಳ ಮನೆ ಸಿಗುತ್ತಿತ್ತು. ಸಿಗಲಿಲ್ಲ. ಸಂಬಳದ ಚೀಟಿ ಇಲ್ಲದವರಿಗೆ ಬ್ಯಾಂಕು ಗೃಹಸಾಲವನ್ನು ಸುಲಭಕ್ಕೆ ಕೊಡುವುದಿಲ್ಲ. ಬಾಡಿಗೆಗೆ ಹೋದರೆ ಹತ್ತು ತಿಂಗಳ ಅಡ್ವಾನ್ಸು, ವರ್ಷ ವರ್ಷ ಏರಿಕೆ. ಇದ್ದ ಒಂದೇ ಗಂಟನ್ನು ಕರಗದಂತೆ ಉಳಿಸಿಕೊಂಡು ತಲೆಯ ಮೇಲೊಂದು ಸೂರು ಮಾಡಿಕೊಳ್ಳಲು ಹೊರಟವರನ್ನು ದುರಾಸೆಯವರು ಎನ್ನುವ ಊರು, ಒಂದು ಸೈಟಿನಿಂದ ಮೂರು ಸೈಟು ಮಾಡಿದವರನ್ನು ಜಾಣರು ಎನ್ನುತ್ತದೆ.

2011ರ ಜನಗಣತಿಯಲ್ಲಿ ಮನೆಯ ಬಗ್ಗೆ ಮೂರು ಆಯ್ಕೆಗಳಿದ್ದವು: ಸ್ವಂತ, ಬಾಡಿಗೆ, ಇತರೆ. ಭೋಗ್ಯದವರು ಮಾಲೀಕರಲ್ಲ, ಬಾಡಿಗೆ ಕಟ್ಟುವವರೂ ಅಲ್ಲ. ಬೆಂಗಳೂರಿನಲ್ಲಿ ಇಂಥ ಸಂಸಾರಗಳು ಎಷ್ಟಿವೆ, ಅವರ ಎಷ್ಟು ಹಣ ಈ ಊರಿನ ಗೋಡೆಗಳೊಳಗೆ ಸಿಕ್ಕಿಕೊಂಡಿದೆ ಎಂದು ಹೇಳುವ ಒಂದು ಕಾಲಮ್ಮೂ ಅದರಲ್ಲಿರಲಿಲ್ಲ. ಬೀಳುವ ಬೆಲೆಯನ್ನು ಅಳೆಯಲು ಸೂಚ್ಯಂಕಗಳಿವೆ. ಬೀಳುವ ಜನರನ್ನು ಎಣಿಸುವ ಕೆಲಸ ಶುರುವಾದ ಮೇಲೆ, ಬೆಂಗಳೂರಿನಲ್ಲಿ ಏನೂ ಕುಸಿದಿಲ್ಲ ಎಂದು ಯಾರಾದರೂ ಹೇಳಿದರೆ ಕೂತು ಕೇಳಬಹುದು.